ಬಿಸಿಲಿಗೆ ಹಾಕಿದ ಕಾಳು

ರೇಷ್ಮೆ ಹುಳ ಮನೆಯೊಳಗೆ ಬಂತು ಅಂದರೆ ಆ ಮನೆಯ ಮನುಷ್ಯರೆಲ್ಲ ಹುಳಕ್ಕೆ ಬಾಡಿಗೆದಾರರು. ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ. ಒಗ್ಗರಣೆ ಹಾಕುವ ಹಾಗಿಲ್ಲ, ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಬೀಡಿ ಹಚ್ಚುವ ಹಾಗಿಲ್ಲ. ದೇವರಿಗೆ ಊದುಬತ್ತಿ ಬೆಳಗಬೇಕಾದರೂ ಹಿತ್ತಲಿಗೆ ಹೋಗಬೇಕು. ಘಾಟು ತಗುಲಿದರೆ ಹುಳ ಸೊಪ್ಪು ಬಿಡುತ್ತದೆ, ನೀರು ಕಕ್ಕುತ್ತದೆ, ಬೆಳೆಯೇ ಹೋಗುತ್ತದೆ. ಹುಳ ಪೊರೆ ಬಿಡಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಂತೂ ಮನೆಯವರು ಜೋರಾಗಿ ಮಾತಾಡುವುದಕ್ಕೂ ಹೆದರುತ್ತಾರೆ. ಹೆತ್ತ ಮಗುವಿಗೂ ಇಷ್ಟು ನಾಜೂಕು ಮಾಡಿದ್ದನ್ನು ನಾನು ಕಾಣೆ.

ನನ್ನ ತಂಗಿ ಮುನಿತಾಯಮ್ಮನನ್ನು ಕೊಟ್ಟಿದ್ದು ಅಂಥ ಮನೆಗೆ. ಕುದೂರಿನಲ್ಲಿ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದರೆ ಅವರ ಹಳ್ಳಿ. ಮೊದಲು ಕುರಿ ಸಾಕಿ ಬದುಕಿದ ಮನೆ. ಆಮೇಲೆ ರೇಷ್ಮೆಗೆ ಬೆಲೆ ಬಂತು ನೋಡಿ, ಮಾಗಡಿ, ಕನಕಪುರ, ಚನ್ನಪಟ್ಟಣ, ಎಲ್ಲಿ ಹೋದರೂ ಜನ ರಾಗಿ ಹೊಲ ಅಗೆದು ಹಿಪ್ಪುನೇರಳೆ ಕಡ್ಡಿ ನೆಟ್ಟರು. ತಂಗಿಯ ಗಂಡ ಮಾಯಣ್ಣನೂ ಕುರಿ ಮಾರಿ ಬಾವಿ ತೋಡಿಸಿ ಸೊಪ್ಪು ಬೆಳೆದ. ಕುರಿ ಕೊಟ್ಟಿಗೆಗೆ ಸುಣ್ಣ ಬಳಿದು ಹುಳದ ಮನೆ ಮಾಡಿದ. ಅದೂ ಸಾಲದೆ ನಡುಮನೆಯಲ್ಲೂ ಬಿದಿರಿನ ತಟ್ಟೆಗಳನ್ನು ಸೂರಿನ ತನಕ ಜೋಡಿಸಿದ. ಗಂಡ, ಹೆಂಡತಿ, ಮುದುಕಿ ಅತ್ತೆ ಒಂದು ಮೂಲೆಗೆ. ಉಳಿದದ್ದೆಲ್ಲ ಹುಳಕ್ಕೆ.

ನಾನು ಭದ್ರಮ್ಮ. ಗಂಡ ತೀರಿಕೊಂಡ ಮೇಲೆ ರಾಮನಗರಕ್ಕೆ ಬಂದು ಬಿಸ್ಮಿಲ್ಲಾ ಸಾಹೇಬರ ಫಿಲೇಚರಿನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಗೂಡು ಬೇಯಿಸುವ ಕೆಲಸಕ್ಕೆ ಸೇರಿದವಳು. ಬೇಸಿನ್ನಿನ ಕುದಿಯುವ ನೀರಿಗೆ ಗೂಡು ಹಾಕಿ, ಅದರ ಅಂಟು ಸಡಿಲವಾಗಿ ನೂಲಿನ ತುದಿ ಸಿಗುವ ಹದಕ್ಕೆ ತರಬೇಕು. ಕಮ್ಮಿ ಬೆಂದರೆ ನೂಲು ಬಿಚ್ಚಿಕೊಳ್ಳದೆ ಕಿತ್ತುಹೋಗುತ್ತದೆ. ಜಾಸ್ತಿ ಬೆಂದರೆ ಗಂಟುಗಂಟಾಗಿ ಕೈಗೆ ಬರುತ್ತದೆ. ದಿನವೆಲ್ಲ ಆ ಹಬೆಯಲ್ಲಿ ನಿಂತು ನಿಂತು ಸೀರೆ, ತಲೆಗೂದಲು, ಉಗುರಿನ ಸಂದಿ, ಎಲ್ಲ ಕಡೆ ಬೆಂದ ಹುಳದ ವಾಸನೆ. ಹಬ್ಬದ ದಿನ ಸೀಗೆಕಾಯಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ.

ಅದಕ್ಕೇ ಹುಳ ಸಾಕುವ ಮನೆಯೊಳಗೆ ನಮ್ಮಂಥವರನ್ನು ಬಿಡುವುದಿಲ್ಲ. ತಂಗಿಯ ಅತ್ತೆ ಲಕ್ಷ್ಮಿದೇವಮ್ಮ ನನ್ನನ್ನು ಕಂಡ ಕೂಡಲೇ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

"ಜಗಲಿ ಮ್ಯಾಲೇ ಕುಂತ್ಕಳವ್ವ ಭದ್ರಮ್ಮ. ನಿನ್ ಸೀರೆಲಿ ಸತ್ತ ಹುಳದ ವಾಸ್ನೆ ಐತೆ, ನಮ್ ಹುಳಕ್ಕೆ ಆಗಾಕಿಲ್ಲ."

"ನಿಮ್ ಸೊಸೆ ಮದ್ವೇಲಿ ಉಟ್ಟಿದ್ದ ರೇಷ್ಮೆ ಸೀರೆನೂ ಇದೇ ವಾಸ್ನೇಲೇ ಹುಟ್ಟಿದ್ದು ಕಣತ್ತೆಮ್ಮ" ಅಂತ ನಾನೂ ಬಿಡುತ್ತಿರಲಿಲ್ಲ.

ಅವರು ಮೂಗು ಮುರಿದು ಒಳಗೆ ಹೋಗುತ್ತಿದ್ದರು. ಆದರೆ ಜಗಲಿಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಬಾರದೆ ಇರುತ್ತಿರಲಿಲ್ಲ. ಕೆಟ್ಟ ಹೆಂಗಸಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ನನ್ನ ಹೊಟ್ಟೆಯುರಿ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಹಿಡಿದುಕೊಂಡು ಬಾಯಿಗೆ ಬಂದ ಹಾಗೆ ಬೈದು ಹಗುರಾಗುತ್ತಿದ್ದೆ.

ಮುನಿಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಕಡೆಗೆ ಒಂದು ಹೆಣ್ಣು ಮಗು ಹುಟ್ಟಿತು. ಬೀರದೇವರಿಗೆ ಹರಕೆ ಹೊತ್ತು ಹುಟ್ಟಿದ್ದು ಅಂತ ಬೀರಮ್ಮ ಅಂತ ಹೆಸರಿಟ್ಟರು. ನಾನು ಫಿಲೇಚರಿನಲ್ಲಿ ಉಳಿದ ನೂಲಿನ ತುಣುಕು ಕೇಳಿ ತಂದು, ಕರಿದಾರದ ಜೊತೆ ಹೊಸೆದು ಅದಕ್ಕೊಂದು ಉಡಿದಾರ ಮಾಡಿದೆ. ರೇಷ್ಮೆ ಉಡಿದಾರ! ನಮ್ಮ ವಂಶದಲ್ಲಿ ಯಾವ ಮಗುವೂ ಕಟ್ಟಿಕೊಂಡಿರಲಿಲ್ಲ. ಜಗಲಿಯ ಮೇಲೆ ನನ್ನ ತೊಡೆಯಲ್ಲಿ ಕೂತು ನನ್ನ ಮೂಗುಬೊಟ್ಟನ್ನು ಹಿಡಿದು ಎಳೆಯುವುದೇ ಅದರ ಆಟ. ನನ್ನ ಮೈಯ ವಾಸನೆ ಅದಕ್ಕೊಂದಕ್ಕೆ ಅಡ್ಡಿಯಿರಲಿಲ್ಲ.

ಮಗುವಿಗೆ ಇನ್ನೂ ಹಲ್ಲು ಮೂಡಿರಲಿಲ್ಲ, ಅಷ್ಟರಲ್ಲಿ ಮುನಿಗೆ ಟೈಫಾಯಿಡ್ ಬಂದು ಎದೆಹಾಲು ಬತ್ತಿಹೋಯಿತು. ಹಸುವಿನ ಹಾಲು ಕೊಟ್ಟರು, ಭೇದಿ. ಆಡಿನ ಹಾಲು ಕೊಟ್ಟರು, ಭೇದಿ. ಡಬ್ಬಿ ಹಾಲಿಗೂ ಅದೇ ಗತಿ. ಸೊಂಟಕ್ಕೆ ಸರಿಯಾಗಿದ್ದ ಉಡಿದಾರ ತೊಡೆಗೆ ಜಾರಲು ಶುರುವಾಯಿತು. ನಾನು ಮುನಿಯನ್ನೂ ಮಗುವನ್ನೂ ರಾಮನಗರಕ್ಕೆ ಕರೆಸಿಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿದೆ. ಅವರು, ಯಾವ ಹಾಲೂ ಈ ಮಗುವಿಗೆ ಆಗುವುದಿಲ್ಲ, ಸೋಯಾ ಅವರೆ ಹಿಟ್ಟು ಕಲಸಿ ಕೊಡಿ ಅಂದರು. ಮಾಡುವ ವಿಧಾನ ಕಲಿತುಕೊಳ್ಳಲು ಪಕ್ಕದ ಕೋಣೆಯಲ್ಲಿದ್ದ ಆಹಾರದ ಮೇಡಮ್ಮಿನ ಹತ್ತಿರ ಕಳಿಸಿದರು. ಮುನಿ ಹೊರಗೆ ಅಳುವ ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದಳು. ಒಳಗೆ ಹೋದವಳು ನಾನು.

ಮೇಡಮ್ಮು ನನ್ನ ಕೈ ನೋಡಿ, "ಫಿಲೇಚರಿನವರಾ?" ಅಂತ ಕೇಳಿದರು. ಹೌದು ಅಂದೆ.

"ಹಾಗಾದರೆ ನಿಮಗೆ ಬೇಗ ಅರ್ಥವಾಗುತ್ತೆ. ಈ ಕಾಳಿನ ಸತ್ವ ನಿಮ್ಮ ಗೂಡಿನ ನೂಲಿದ್ದ ಹಾಗೆ. ಬಿಗಿಯಾಗಿ ಸುರುಳಿ ಸುತ್ತಿಕೊಂಡಿರುತ್ತೆ. ಹಸಿಯಾಗಿ ತಿಂದರೆ ಹೊಟ್ಟೆಗೆ ಅದನ್ನು ಬಿಚ್ಚೋಕಾಗಲ್ಲ. ಸಾಲದ್ದಕ್ಕೆ ಹಸಿ ಕಾಳಿನೊಳಗೆ ಇನ್ನೊಂದು ಪದಾರ್ಥ ಇದೆ, ಅದು ಹೊಟ್ಟೆ ಅರಗಿಸೋ ಕೆಲಸಾನೇ ತಡೆದುಬಿಡುತ್ತೆ. ಬಿಸಿ ತಾಗಿದರೆ ಆ ಕೆಟ್ಟದ್ದು ಸಾಯುತ್ತೆ, ಸುರುಳಿ ಸಡಿಲವಾಗುತ್ತೆ, ಮಗುವಿಗೆ ದಕ್ಕುತ್ತೆ."

"ಅಂದ್ರೆ ಗೂಡು ಬೇಯ್ಸಿದಂಗೆ" ಅಂದೆ.

"ಅದೇ. ನೆನೆಸಿ, ಸಿಪ್ಪೆ ತೆಗೆದು, ಆರಿಸಿ, ಹೊಂಬಣ್ಣ ಬಂದು ಘಮ್ ಅನ್ನೋವರೆಗೂ ಹುರೀರಿ. ಕಪ್ಪು ಮಾಡಬೇಡಿ. ಜಾಸ್ತಿ ಕಾದರೆ ಸತ್ವ ಗಂಟು ಬೀಳುತ್ತೆ, ಅದೂ ದಂಡ. ಈ ಕಾಳಿನ ಎಣ್ಣೆ ಬೇಗ ಕೆಡುತ್ತೆ, ಆದರೆ ಕೆಡದ ಹಾಗೆ ಕಾಯೋ ಗುಣವೂ ಕಾಳಿನೊಳಗೇ ಇದೆ. ತಿಂದವರ ಮೈಯನ್ನೂ ಅದು ಕಾಯುತ್ತೆ. ಹದವಾಗಿ ಹುರಿದರೆ ಆ ಗುಣ ನಿಲ್ಲುತ್ತೆ. ಹಸಿಯಾಗಿ ಬೀಸಿಟ್ಟರೆ ಹಿಟ್ಟು ಕಮಟು ಹಿಡಿದುಬಿಡುತ್ತೆ. ಹುರಿದ ಹಿಟ್ಟಾದರೆ ಬೆಚ್ಚಗಿನ ನೀರು, ಒಸಿ ಬೆಲ್ಲ ಸೇರಿಸಿ ಕಲಸಿದರೆ ಸಾಕು."

'ಒಸಿ' ಅಂದ ಮೇಲೆ ಮೇಡಮ್ಮು ನಮ್ಮ ಕಡೆಯವರೇ ಅಂತ ನನಗೆ ಧೈರ್ಯ ಬಂತು.

ಅವತ್ತು ಸಂಜೆ ನನ್ನ ಬಾಡಿಗೆ ಕೋಣೆಯಲ್ಲಿ, ಕಬ್ಬಿಣದ ಬಾಣಲೆಯಲ್ಲಿ ನಾನೇ ಹುರಿದೆ. ಪಕ್ಕದ ಬೇಸಿನ್ನಿನಲ್ಲಿ ಕೆಲಸ ಮಾಡುವ ಗುಲ್ಜಾರ್ ಬೀ ವಾಸನೆ ಹಿಡಿದು ಬಂದು, ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಭದ್ರಕ್ಕ, ಕಡ್ಲೆಗಿಂತ ರುಚಿ ಐತಲ್ಲಾ! ಮಗೂಗೆ ಉಳ್ಸು, ಇಲ್ದಿದ್ರೆ ನಾನೇ ಖಾಲಿ ಮಾಡ್ಬುಡ್ತೀನಿ" ಅಂದಳು. ಮುನಿ ಗೋಡೆಗೊರಗಿ ಕೂತು ನೋಡುತ್ತಿದ್ದಳು. ಮೇಡಮ್ಮು ಹೇಳಿದ್ದನ್ನೆಲ್ಲ ನಾನು ಅವಳಿಗೆ ಬಿಡಿಸಿ ಹೇಳಿದೆ. ಕಾಳು ಅಂದ್ರೆ ಗೂಡಿದ್ದಂಗೆ ಕಣೇ, ಬಿಸಿ ತಾಗಿದ್ರೆ ಒಳಗಿನ ಕೆಟ್ಟದ್ದು ಸಾಯ್ತದೆ ಅಂದೆ. "ಗೊತ್ತಾಯ್ತು ಬುಡಕ್ಕ, ಗೂಡು ನಂಗೆ ಗೊತ್ತಿಲ್ವಾ" ಅಂತ ನಕ್ಕಳು.

ಆ ಹಿಟ್ಟು ಮಗುವಿಗೆ ಹಿಡಿಸಿತು. ಏನು ಹಿಡಿಸಿತು ಅಂತೀರಿ! ಭೇದಿ ನಿಂತಿತು. ಕೆನ್ನೆ ತುಂಬಿತು. ಮುಂದಿನ ಸಲ ನಾನು ಹೋದಾಗ ಜಗಲಿಯ ತುದಿಯಿಂದ ಅಂಬೆಗಾಲಿಟ್ಟುಕೊಂಡು ಬಂದು ಮೂಗುಬೊಟ್ಟಿಗೆ ಕೈ ಹಾಕಿತು. ಉಡಿದಾರ ಸೊಂಟದಲ್ಲಿ ಕಚ್ಚಿ ಕೂತಿತ್ತು. ಗಂಟು ಬಿಚ್ಚಿ ಸಡಿಲ ಮಾಡಿದವಳು ನಾನೇ. ಲಕ್ಷ್ಮಿದೇವಮ್ಮ ಹೊಸ್ತಿಲಿನಿಂದಲೇ, "ಅದ್ಯಾವ ಸೀಮೆ ಅವರೆಯೋ ತಾಯಿ, ನಮ್ ಕೂಸ್ನ ಉಳಿಸ್ತು" ಅಂತ ಕಣ್ಣೊರೆಸಿಕೊಂಡರು. ಮಾಯಣ್ಣ ಸೊಪ್ಪಿನ ಹೊರೆ ಇಳಿಸಿದವನೇ ಬೆವರು ಒರೆಸದೆ ಮಗುವನ್ನು ಎತ್ತಿ ಸೂರಿಗೆ ಮುಟ್ಟಿಸಿದ.

ಹೊರಡುವಾಗ ಮುನಿ ಕೇಳಿದಳು. "ಅಕ್ಕ, ಇನ್ನೊಸಿ ಕಾಳಿದ್ರೆ ಕೊಟ್ಟೋಗು. ಈ ಹಿಟ್ಟು ಮುಗೀತಾ ಬಂತು. ನಾನೇ ಮಾಡ್ಕತೀನಿ."

"ನಿಂಗ್ಯಾಕೆ ತಾಪತ್ರಯ? ನಾನೇ ಮಾಡಿ ಕಳುಸ್ತೀನಿ ಬುಡು."

"ಎಲ್ಲಿ ಗಂಟ ನೀನೇ ಕಳುಸ್ತೀಯ? ಪಾಪ, ಬೇಸಿನ್ ತಾವ ನಿಂತು ನಿಂತು ನಿನ್ ಕಾಲೇ ಬಾತೋಗದೆ. ನನ್ ಮಗೀಗೆ ನಾನು ಮಾಡಾಕಿಲ್ವಾ?"

ತಂದಿದ್ದ ಕಾಳನ್ನು ಕೊಟ್ಟು ಬಂದೆ. ಅವರ ಮನೆಯಲ್ಲಿ ಆಗ ಹುಳ ಇನ್ನೂ ಇರುವೆಯಷ್ಟು ಸಣ್ಣವು. ಅವು ಬೆಳೆದು ಗೂಡು ಕಟ್ಟುವವರೆಗೂ ಫಿಲೇಚರಿನ ಕೆಲಸ ಬಿಟ್ಟು ನನಗೆ ಆ ಕಡೆ ಹೋಗಲಾಗಲಿಲ್ಲ. ಆ ಸಲ ಹುಳದ ಮೊಟ್ಟೆಯೂ ಜಾಸ್ತಿ ತಂದಿದ್ದರು, ಗಾಳಿಯೂ ಚೆನ್ನಾಗಿತ್ತು. ಊರಲ್ಲೆಲ್ಲ ಅವರದೇ ಹುಳದ ಮಾತು ಅಂತ ಮಾರುಕಟ್ಟೆಗೆ ಬಂದ ಕುದೂರು ಕಡೆಯವರು ಹೇಳುತ್ತಿದ್ದರು. ಮಗು ಹೇಗಿದೆ ಅಂತ ಕೇಳಿದರೆ, "ಅದ್ಕೇನು, ಅಮ್ಮ ಅದರ ಬಾಯಿಗೆ ಏನೋ ಕಲಸಿ ಇಕ್ತಾನೇ ಇರ್ತಾಳೆ" ಅಂದರು. ನನಗೂ ಸಮಾಧಾನವಾಯಿತು.

ಒಂದು ಮಧ್ಯಾಹ್ನ ಮಾಯಣ್ಣ ಫಿಲೇಚರಿನ ಬಾಗಿಲಲ್ಲಿ ನಿಂತಿದ್ದ. ಗೂಡು ಮಾರಲು ಬಂದಿರಬೇಕು, ಮುನಿ ಏನಾದರೂ ಕೊಟ್ಟು ಕಳಿಸಿರಬೇಕು ಅಂತ ನಾನು ನಗುತ್ತಲೇ ಹೋದೆ. ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅತ್ಗೆ, ಕೂಸು ಓಗ್ಬುಡ್ತು" ಅಂದ.

ಎಲ್ಲಿಗೆ ಅಂತ ಕೇಳಿದೆ ನಾನು. ನೋಡಿ, ಎಂಥ ಪೆದ್ದಿ. ಎಲ್ಲಿಗೆ ಅಂತ ಕೇಳಿದೆ.

ಗುಲ್ಜಾರ್ ಬೀ ಬಂದು ನನ್ನ ತೋಳು ಹಿಡಿದುಕೊಂಡಳು. ಅವಳ ಕೈಯಿಂದ ಬಿಸಿನೀರು ನನ್ನ ಸೀರೆಗೆ ಸುರಿಯುತ್ತಿತ್ತು.

ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಹಳೇ ಕುರಿ ಹಟ್ಟಿಯ ಹಿಂದೆ, ಹುಣಸೆ ಮರದ ಬುಡದಲ್ಲಿ. ಮನೆಯೊಳಗೆ ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಸಮಯ. ಹಣ್ಣಾದ ಹುಳವನ್ನು ಆಗಿಂದಾಗಲೇ ಆರಿಸಿ ಬಿದಿರ ಚಂದ್ರಿಕೆಯ ಸುತ್ತಿನೊಳಗೆ ಬಿಡದಿದ್ದರೆ ಸಿಕ್ಕ ಸಿಕ್ಕಲ್ಲಿ ನೂಲು ಕಕ್ಕಿ ಹಾಳಾಗುತ್ತವೆ. ಹುಳಕ್ಕೆ ಸೂತಕ ಗೊತ್ತೇ? ಮುನಿ ಹುಳ ಆರಿಸುತ್ತಿದ್ದಳು. ಕಿಟಕಿಯಿಂದ ನೋಡಿದೆ. ಅಳುತ್ತಿರಲಿಲ್ಲ. ಒಂದೊಂದೇ ಹುಳವನ್ನು ಬೆಳಕಿಗೆ ಹಿಡಿದು, ಮೈ ಹೊಳೆಯುತ್ತಿದೆಯೇ ನೋಡಿ, ಮೆತ್ತಗೆ ಚಂದ್ರಿಕೆಗೆ ಬಿಡುತ್ತಿದ್ದಳು. ಅವತ್ತು ನನಗೆ ಆ ಮನೆಗೆ ಬೆಂಕಿ ಹಚ್ಚಬೇಕು ಅನ್ನಿಸಿತು. ಜಗಲಿಯ ಕಂಬಕ್ಕೆ ತಲೆ ಚಚ್ಚಿಕೊಂಡು ಅತ್ತೆ.

ಹಲ್ಲು ಬರುವ ಭೇದಿ ಅಂದುಕೊಂಡೆವು ಅಂತ ಲಕ್ಷ್ಮಿದೇವಮ್ಮ ಹೇಳಿದರು. ಕುದೂರಿನ ಡಾಕ್ಟರು ಔಷಧಿ ಕೊಟ್ಟರಂತೆ. ನಿಂತ ಹಾಗಾಗಿ ಮತ್ತೆ ಶುರುವಾಯಿತಂತೆ. ರಾಮನಗರಕ್ಕೆ ಕರೆದುಕೊಂಡು ಹೊರಡುವ ದಿನ ಬಸ್ಸಿಗೆ ಕಾಯುತ್ತಾ ಮುನಿಯ ಮಡಿಲಲ್ಲೇ ಕಣ್ಣು ಮುಚ್ಚಿತಂತೆ.

ಗೂಡು ಬಿಡಿಸಿ ಮಾರುಕಟ್ಟೆಗೆ ಹೋಯಿತು. ಒಳ್ಳೆ ಗೂಡು ಅಂತ ಎಲ್ಲರೂ ಹೊಗಳಿದರು. ಯಾವ ಗೂಡು ಯಾರ ಮನೆಯದು ಅಂತ ಬೇಸಿನ್ನಿನಲ್ಲಿ ಗೊತ್ತಾಗುವುದಿಲ್ಲ. ಆದರೂ ಆ ವಾರ ನನ್ನ ಕೈಗೆ ಬಂದ ಗೂಡೆಲ್ಲ ಅವರ ಮನೆಯದೇ ಅನ್ನಿಸಿ ಕೈಯೇ ಓಡುತ್ತಿರಲಿಲ್ಲ. ಸಾಹೇಬರು ರಜೆ ಕೊಟ್ಟು, ತಂಗಿ ಹತ್ತಿರ ಹೋಗು ಅಂದರು.

ಮನೆಯಲ್ಲಿ ಹುಳ ಖಾಲಿಯಾಗಿದ್ದರಿಂದ ಈ ಸಲ ನನ್ನನ್ನು ಒಳಗೆ ಕರೆದರು. ಮುನಿಗೆ ಏನಾದರೂ ಬೇಯಿಸಿ ಹಾಕೋಣ ಅಂತ ಅಡಿಗೆಮನೆಗೆ ಹೋದೆ. ಬೆಲ್ಲ ಹುಡುಕುತ್ತಿದ್ದಾಗ ಸೋಯಾ ಹಿಟ್ಟಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ, ಮೂಗಿಗೆ ಗಪ್ ಅಂತ ಹೊಡೆಯಿತು. ಹಸಿ ವಾಸನೆ, ಅದರ ಮೇಲೆ ಕಮಟು. ಹಳೇ ಕೊಬ್ಬರಿಯ ಹಾಗೆ. ಮೊದಲ ಸಲ ನಾನು ಹುರಿದು ಮಾಡಿದ ಹಿಟ್ಟು ನನ್ನ ಕೋಣೆಯಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಇದಕ್ಕಿಂತ ಎಷ್ಟೋ ಹಳೆಯದು, ಇನ್ನೂ ಘಮಘಮ ಅನ್ನುತ್ತಿತ್ತು. ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿದೆ. ಈ ಹಿಟ್ಟು ಬೆಂಕಿಯನ್ನೇ ಕಂಡಿರಲಿಲ್ಲ.

ಡಬ್ಬಿ ಹಿಡಿದುಕೊಂಡು ಹೊರಗೆ ಬಂದೆ. ಮುನಿ ಅಂಗಳದಲ್ಲಿ ಗೂಡು ಹರವುತ್ತಿದ್ದಳು. ಮಾರುಕಟ್ಟೆಗೆ ಆಗದ, ಕೈಯಲ್ಲಿ ನೂಲು ತೆಗೆಯಲು ಉಳಿಸಿಕೊಂಡ ಗೂಡು. ಅದನ್ನು ಹಾಗೇ ಇಟ್ಟರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಅದಕ್ಕೇ ಹಳ್ಳಿಯಲ್ಲಿ ಸುಡುಬಿಸಿಲಿಗೆ ಹರವಿ ಒಳಗೇ ಸಾಯಿಸುತ್ತಾರೆ.

"ಮುನಿ, ಈ ಹಿಟ್ಟು ಹೆಂಗ್ ಮಾಡ್ದೆ?"

"ನೀನು ಹೇಳ್ದಂಗೇ ಅಕ್ಕ. ನೆನೆ ಹಾಕ್ದೆ, ಸಿಪ್ಪೆ ಉಜ್ಜಿ ತೆಗ್ದೆ."

"ಹುರುದ್ಯಾ?"

"ಹುಳ ಎರಡ್ನೇ ಜ್ವರ ಎದ್ದಿತ್ತಲ್ಲಕ್ಕ, ಮನೇಲಿ ಹುರಿಯಂಗಿರ್ಲಿಲ್ಲ. ಹಿತ್ಲಲ್ಲಿ ಹುರುದ್ರೂ ಗಾಳಿಗೆ ಘಾಟು ಒಳೀಕೆ ಬತ್ತದೆ ಅಂದ್ರು ನಮ್ಮತ್ತೆ. ಅದ್ಕೇ ಬಿಸ್ಲಿಗೆ ಹಾಕ್ದೆ. ಮುಟ್ಟುದ್ರೆ ಕೈ ಸುಡೋ ಬಿಸ್ಲು. ಗಲಗಲ ಅನ್ನೋ ಗಂಟ ಒಣಗ್ಸಿದೆ." ಅವಳು ಹರವಿದ ಗೂಡಿನ ಕಡೆ ಕೈ ತೋರಿಸಿದಳು. "ಗೂಡಿದ್ದಂಗೆ ಅಂದ್ಯಲ್ಲ ನೀನು. ಗೂಡಿನೊಳಗಿನ ಜೀವದ ಹುಳಾನೇ ಬಿಸ್ಲಿಗೆ ಸತ್ತೋಗ್ತದೆ, ಕಾಳಿನೊಳಗಿನ ಕೆಟ್ಟದ್ದು ಸಾಯಾಕಿಲ್ವಾ?"

ನಾನು ಬಾಯಿಬಡುಕಿ. ಫಿಲೇಚರಿನಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಅವತ್ತು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದೆ, ಅಷ್ಟೇ. ನಾನು ಗೂಡು ಅಂದಾಗ ನನ್ನ ಕಣ್ಣ ಮುಂದಿದ್ದದ್ದು ಕುದಿಯುವ ಬೇಸಿನ್ನು. ಅವಳು ಗೂಡು ಅಂದುಕೊಂಡಾಗ ಅವಳ ಕಣ್ಣ ಮುಂದಿದ್ದದ್ದು ಈ ಅಂಗಳ, ಈ ಬಿಸಿಲು. ಅವಳು ತಪ್ಪಾಗಿ ಯೋಚನೆ ಮಾಡಿರಲಿಲ್ಲ. ನನ್ನಷ್ಟೇ ಸರಿಯಾಗಿ ಯೋಚನೆ ಮಾಡಿದ್ದಳು.

"ಕೂಸು ಸೊರಗ್ತಾ ಬಂತು ಅಕ್ಕ. ನಂಗೆ ಭಯ ಆಗಿ, ಒಂದ್ ಚಮಚ ಇಕ್ಕೋ ಕಡೆ ಎರಡ್ ಚಮಚ ಇಕ್ತಿದ್ದೆ. ಬ್ಯಾಡ ಅಂತ ಮುಖ ತಿರುಗಿಸೋದು. ಮೂಗು ಹಿಡ್ಕಂಡು ಕುಡಿಸ್ದೆ." ಮುನಿ ನನ್ನ ಮುಖವನ್ನೇ ನೋಡುತ್ತಿದ್ದಳು. "ನಾನು ಸರಿಯಾಗೇ ಮಾಡಿದ್ನಲ್ವಾ ಅಕ್ಕ?"

ಏನು ಹೇಳಬೇಕಾಗಿತ್ತು ನಾನು? ನೀವೇ ಹೇಳಿ. ಮೂಗು ಹಿಡಿದು ಕುಡಿಸಿದ ಆ ಕೈಗಳನ್ನು ನೋಡಿಕೊಂಡು ಇನ್ನೇನು ಹೇಳುತ್ತಿದ್ದಿರಿ?

"ಸರಿಯಾಗೇ ಮಾಡಿದ್ದೆ ಕಣವ್ವ" ಅಂದೆ. "ಅದರ ಆಯಸ್ಸೇ ಅಷ್ಟು."

ಆಗ ಅವಳು ಅತ್ತಳು. ಮಗು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲಂತೆ. ಡಬ್ಬಿಯ ಹಿಟ್ಟನ್ನು ನಾನು ಹಿತ್ತಲ ತಿಪ್ಪೆಗೆ ಸುರಿದು ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿದೆ. ಎಷ್ಟು ತಿಕ್ಕಿದರೂ ಕಮಟು ಹೋಗಲಿಲ್ಲ.

ಮಳೆಗಾಲ ಕಳೆಯಿತು. ಮುನಿ ಮತ್ತೆ ಬಸುರಿಯಾದಳು. ಸುದ್ದಿ ಕೇಳಿ ನಾನು ಫಿಲೇಚರಿನವರಿಗೆಲ್ಲ ಬೆಲ್ಲ ಹಂಚಿದೆ. ಗುಲ್ಜಾರ್ ಬೀ ತನ್ನ ದೇವರಿಗೆ ನನ್ನ ತಂಗಿಯ ಹೆಸರಲ್ಲಿ ದುವಾ ಮಾಡಿದಳು. ಬಸುರು ತುಂಬಿದ ಮೇಲೆ ಬಳೆ, ಹೂವು, ಎಳ್ಳಿನ ಚಿಗಳಿ ಕಟ್ಟಿಕೊಂಡು ಹೊರಟೆ. ಸಾವನದುರ್ಗದ ಕಡೆ ಮೋಡ ಇರಲಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ಅವರ ಮನೆಯಲ್ಲಿ ಮತ್ತೆ ಹುಳ ಇತ್ತು, ನಾಲ್ಕನೇ ಜ್ವರ ಎದ್ದು ಸೊಪ್ಪು ಮೇಯುತ್ತಿದ್ದವು. ನಾನು ಹೇಳಿಸಿಕೊಳ್ಳದೆ ಜಗಲಿಯ ಮೇಲೇ ಕೂತೆ.

ಮುನಿ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದಳು. ಮುಖ ತುಂಬಿತ್ತು. ಬಳೆ ಇಡುತ್ತಿದ್ದ ಹಾಗೆ ನನ್ನ ಕಣ್ಣು ಅಂಗಳಕ್ಕೆ ಹೋಯಿತು. ಬಿದಿರ ತಟ್ಟೆಯಲ್ಲಿ ಏನೋ ಕಾಳು ಒಣಗುತ್ತಿತ್ತು. ಸಿಪ್ಪೆ ತೆಗೆದ, ತಿಳಿ ಹಳದಿ ಕಾಳು.

"ಅದೇನವ್ವ?"

"ಸೋಯಾ ಅವರೆ ಕಣಕ್ಕ. ಇವರ ಕೈಲಿ ಮಾಗಡಿ ಸಂತೆಯಿಂದ ತರುಸ್ದೆ. ಈ ಸಲಾನೂ ಹಾಲು ಬತ್ತೋದ್ರೆ, ಆಮ್ಯಾಲೆ ಓಡಾಡೋ ಹಂಗಾಗಬಾರ್ದು ಅಂತ ಈಗ್ಲೇ ಮಾಡಿ ಇಟ್ಕತಾ ಇವ್ನಿ. ಒಳ್ಳೆ ಬಿಸ್ಲು ಐತೆ ನೋಡು."

ಬಳೆ ನನ್ನ ಕೈಯಲ್ಲೇ ಉಳಿಯಿತು.

"ನೀನು ಮಾಡ್ಬ್ಯಾಡ ಮುನಿ. ನಾನೇ ಹುರಿದು ತಂದ್ಕೊಡ್ತೀನಿ. ತಿಂಗ್ ತಿಂಗಳೂ ತಂದ್ಕೊಡ್ತೀನಿ."

"ಯಾಕಕ್ಕ? ನಂಗೂ ಮಾಡಾಕೆ ಬತ್ತದಲ್ಲ. ಸರಿಯಾಗೇ ಮಾಡಿದ್ದೆ ಅಂದಿದ್ಯಲ್ಲ ನೀನೇ."

ನಾನು ಬಳೆ ಕೆಳಗಿಟ್ಟೆ. ಒಳಗೆ ಹುಳ ಸೊಪ್ಪು ಮೇಯುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಮುನಿ ಚಿಕ್ಕಂದಿನಿಂದಲೂ ನನ್ನ ಸಿಟ್ಟು ನೋಡಿದವಳು, ನನ್ನ ಮೌನ ನೋಡಿದವಳಲ್ಲ. ಅವಳ ಮುಖ ನಿಧಾನವಾಗಿ ಇಳಿಯಿತು.

"ಅಕ್ಕ. ಸರಿ ಇರ್ಲಿಲ್ವಾ?"

ಇನ್ನು ಸುಳ್ಳು ಹೇಳುವ ಹಾಗಿರಲಿಲ್ಲ. ಒಂದು ಸುಳ್ಳು ಅವಳನ್ನು ಉಳಿಸಿತ್ತು, ಅದೇ ಸುಳ್ಳು ಹೊಟ್ಟೆಯೊಳಗಿದ್ದದ್ದನ್ನು ತಿನ್ನುತ್ತಿತ್ತು. ಅವಳ ಕೈ ಹಿಡಿದುಕೊಂಡೆ.

"ಬಿಸ್ಲು ಸಾಲ್ದು ಕಣವ್ವ. ಬೆಂಕಿನೇ ಬೇಕಾಗಿತ್ತು. ಬಿಸ್ಲಿಗೆ ಹುಳ ಸಾಯ್ತದೆ, ಕಾಳಿನೊಳಗಿನ ಅದು ಸಾಯಾಕಿಲ್ಲ."

"ಹಂಗಾದ್ರೆ ನಾನು ಇಕ್ಕಿದ್ದು?"

"ಹೊಟ್ಟೆಗೆ ಹತ್ತಲಿಲ್ಲ."

"ಜಾಸ್ತಿ ಜಾಸ್ತಿ ಇಕ್ಕಿದ್ನಲ್ಲಕ್ಕ."

"ಊಂ ಕಣೆ."

"ನಾನು ಸುಮ್ಕಿದ್ದಿದ್ರೆ ಉಳೀತಿತ್ತಾ?"

"ಗೊತ್ತಿಲ್ಲ ಮುನಿ. ದೇವ್ರಾಣೆಗೂ ಗೊತ್ತಿಲ್ಲ. ಬರೇ ಇದ್ರಿಂದ್ಲೇ ಅಂತ ಯಾರೂ ಹೇಳಾಕಾಗಲ್ಲ."

ಅವಳು ಕೈ ಬಿಡಿಸಿಕೊಂಡಳು. ಕಿರುಚುತ್ತಾಳೆ, ಎದೆ ಹೊಡೆದುಕೊಳ್ಳುತ್ತಾಳೆ, ಬಸುರಿ ಬೇರೆ, ಏನಾದರೂ ಆದರೆ ಹಿಡಿದುಕೊಳ್ಳಬೇಕು ಅಂತ ನಾನು ಎದ್ದು ನಿಂತೆ. ಅವಳು ಏನೂ ಮಾಡಲಿಲ್ಲ. ಅಂಗಳಕ್ಕಿಳಿದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹಿಂದೆಯೇ ನಾನೂ ಹೊಸ್ತಿಲು ದಾಟಿದೆ. ಹುಳ ಇರುವಾಗ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

ಸೂರಿನ ತನಕ ಹುಳದ ತಟ್ಟೆಗಳಿದ್ದ ನಡುಮನೆ ದಾಟಿ ಅಡಿಗೆಮನೆಗೆ ಹೋದಳು. ಬಾಣಲೆ ಇಟ್ಟಳು. ಒಲೆಗೆ ಸೌದೆ ತುರುಕಿ ಊದಿದಳು. ಕಾಳು ಸುರಿದು ಸೌಟು ಹಿಡಿದು ಕೂತಳು.

ಹೊಗೆ ಎದ್ದಿತು. ಹಿತ್ತಲಲ್ಲಿದ್ದ ಲಕ್ಷ್ಮಿದೇವಮ್ಮ ವಾಸನೆಗೆ ಓಡಿ ಬಂದರು. "ಅಯ್ಯಯ್ಯೋ, ಏನೇ ಇದು! ಹುಳ ಕಣೇ! ಹುಳ ಮನೇಲೈತೆ ಕಣೇ! ಒಲೆ ಆರ್ಸೇ!" ಅಂತ ನೀರಿನ ಚೊಂಬಿಗೆ ಕೈ ಹಾಕಿದರು. ನಾನು ಅಡ್ಡ ನಿಂತೆ. "ಅತ್ತೆಮ್ಮ, ಬ್ಯಾಡಿ" ಅಂದೆ, ಅಷ್ಟೇ. ಅವರು ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು, ಬಾಣಲೆಯಲ್ಲಿದ್ದದ್ದನ್ನು ನೋಡಿದರು. ಘಾಟು ಒಳಗೆ ಬರುತ್ತದೆ ಅಂತ ಆವತ್ತು ತಾವು ಹೇಳಿದ ಮಾತು ನೆನಪಿಗೆ ಬಂದಿರಬೇಕು. ಚೊಂಬು ಕೆಳಗಿಟ್ಟು ಗೋಡೆಗೆ ಒರಗಿ ಹಾಗೇ ಕುಸಿದರು.

ಮಾಯಣ್ಣ ಸೊಪ್ಪಿನ ಹೊರೆ ಹೊತ್ತು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. "ಮುನೀ" ಅಂದ. ಅವಳು ತಿರುಗಲಿಲ್ಲ. ಅವನು ಹೊರೆ ಇಳಿಸುವುದನ್ನೂ ಮರೆತು ನಿಂತೇ ಇದ್ದ.

ಮುನಿ ಸೌಟಾಡಿಸುತ್ತಲೇ ಇದ್ದಳು. ಕಾಳು ತಿಳಿ ಹಳದಿಯಿಂದ ಹೊಂಬಣ್ಣಕ್ಕೆ ತಿರುಗಿತು. ಮನೆಯೆಲ್ಲ ಘಮ್ ಅಂದಿತು. ಅವಳು ಬಾಣಲೆ ಇಳಿಸಿ, ಸೆರಗಿನಲ್ಲಿ ಒಂದು ಹಿಡಿ ತೆಗೆದುಕೊಂಡು, ಸುಡುತ್ತಿದ್ದ ಹಾಗೇ ನನ್ನ ಮುಂದೆ ಹಿಡಿದಳು.

"ಹಿಂಗಾ ಅಕ್ಕ?"

ನಾನು ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಗರಿಗರಿಯಾಗಿತ್ತು. ಹದ ಒಂದು ಚೂರೂ ತಪ್ಪಿರಲಿಲ್ಲ.

"ಊಂ ಕಣವ್ವ. ಹಿಂಗೇ."

ಅವಳು ಸೆರಗಿನಲ್ಲಿದ್ದ ಕಾಳನ್ನು ನೋಡಿದಳು. ಒಲೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇಷ್ಟೇನಾ?" ಅಂದಳು.

"ಇಷ್ಟೇ ಕಣವ್ವ" ಅಂದೆ.